ಸೂರ್ಯ ಮುಳುಗಿದ ಮೇಲಿನ ಆಗುಂಬೆ

ಆಗುಂಬೆಯ ವಿಷಯ ಬಂದರೆ ಮಾತು ಸೂರ್ಯಾಸ್ತದಿಂದ ಶುರುವಾಗಿ ಅಲ್ಲಿಗೇ ಮುಗಿಯುತ್ತದೆ. ನವೆಂಬರಿನಿಂದ ಜನವರಿಯವರೆಗೆ ಆಕಾಶ ತಿಳಿಯಾಗಿರುವ ಸಂಜೆಗಳಲ್ಲಿ ಘಾಟಿಯ ತುದಿಯ ವೀಕ್ಷಣಾ ಕಟ್ಟೆಯ ಮೇಲೆ ನಿಲ್ಲಲು ಜಾಗ ಸಿಗುವುದು ಕಷ್ಟ. ಕೆಳಗೆ ಕರಾವಳಿಯ ಹಸಿರು, ಅದರಾಚೆ ಸಣ್ಣ ಗೆರೆಯಂತೆ ಅರಬ್ಬಿ ಸಮುದ್ರ, ಅದರೊಳಕ್ಕೆ ಇಳಿಯುವ ಕೆಂಪು ಬಿಂಬ. ಬಿಂಬ ಮರೆಯಾಗಿ ಐದು ನಿಮಿಷಕ್ಕೆ ಕಟ್ಟೆ ಖಾಲಿ. ಕೆಲವು ವಾಹನಗಳು ಹದಿನಾಲ್ಕು ತಿರುವುಗಳನ್ನಿಳಿದು ಸೋಮೇಶ್ವರ, ಹೆಬ್ರಿಯ ಕಡೆಗೆ ಹೋಗುತ್ತವೆ. ಮಿಕ್ಕವು ತೀರ್ಥಹಳ್ಳಿ, ಶೃಂಗೇರಿಗಳ ಹಾದಿ ಹಿಡಿಯುತ್ತವೆ. ಆದರೆ ಆಗುಂಬೆಯ ಇನ್ನರ್ಧ ದಿನ ಆಗಷ್ಟೇ ಶುರುವಾಗಿರುತ್ತದೆ. ಆ ಅರ್ಧವನ್ನು ನೋಡಲು ಕ್ಯಾಮೆರಾ ಇಲ್ಲದಿದ್ದರೂ ನಡೆದೀತು. ಒಂದು ಟಾರ್ಚ್ ಬೇಕೇ ಬೇಕು. ಅದರ ಶೆಲ್ಲುಗಳು ಎಷ್ಟು ಹೊತ್ತು ಬರುತ್ತವೆ ಎಂಬ ಅರಿವೂ ಬೇಕು.

ಕತ್ತಲಿನ ಊರು

ಆಗುಂಬೆ ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕಿನ ಪುಟ್ಟ ಊರು. ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರ. ವರ್ಷದ ಸರಾಸರಿ ಮಳೆ 7000 ಮಿಲಿಮೀಟರಿಗೂ ಹೆಚ್ಚು. ಬೆಂಗಳೂರಿನಲ್ಲಿ ಏಳು ವರ್ಷ ಬೀಳುವ ಮಳೆ ಇಲ್ಲಿ ಒಂದೇ ವರ್ಷ ಬೀಳುತ್ತದೆ ಎಂದರೆ ಮಕ್ಕಳಿಗೆ ಬೇಗ ಅರ್ಥವಾದೀತು. ಶಂಕರ್‌ನಾಗ್ 1980ರ ದಶಕದಲ್ಲಿ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ಚಿತ್ರಿಸಿದ್ದು ಇಲ್ಲಿಯೇ. ಇಲ್ಲಿನ ಪೇಟೆಬೀದಿಯನ್ನು ಒಮ್ಮೆ ನಡೆದು ಮುಗಿಸಲು ಹತ್ತು ನಿಮಿಷ ಸಾಕು. ಮನೆಗಳು ಹೆಚ್ಚಾಗಿರುವುದು ಪೇಟೆಯಲ್ಲಲ್ಲ, ಸುತ್ತಲಿನ ಕಣಿವೆಗಳಲ್ಲಿ. ಒಂದು ಅಡಿಕೆ ತೋಟ, ಒಂದಷ್ಟು ಗದ್ದೆ, ಒಂದು ಮನೆ. ಮುಂದಿನ ಮನೆಗೆ ಹಳ್ಳ ದಾಟಿ, ಗುಡ್ಡ ಹತ್ತಿ ಹೋಗಬೇಕು.

ಹೀಗಾಗಿ ಇಲ್ಲಿನ ಕತ್ತಲು ಬಯಲುಸೀಮೆಯ ಕತ್ತಲಲ್ಲ. ಬಯಲಿನಲ್ಲಿ ಅಮಾವಾಸ್ಯೆಯ ರಾತ್ರಿಯೂ ನಕ್ಷತ್ರಗಳ ಬೆಳಕಿನಲ್ಲಿ ದಾರಿಯ ಬಿಳುಪು ತಿಳಿಯುತ್ತದೆ. ಇಲ್ಲಿ ಮರಗಳ ಚಪ್ಪರ ಆಕಾಶವನ್ನೇ ಮುಚ್ಚಿರುತ್ತದೆ. ಮಳೆಗಾಲದಲ್ಲಿ ಅದರ ಮೇಲೆ ಮೋಡ, ಮೋಡದ ಕೆಳಗೆ ಮಂಜು. ಗಾಳಿಗೆ ಒಂದು ಮರ ತಂತಿಯ ಮೇಲೆ ಒರಗಿದರೆ ಕರೆಂಟ್ ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ದೂರದ ಕಾಲೇಜಿನಿಂದ ಸಂಜೆಯ ಬಸ್ಸಿಗೆ ಬರುವ ಮಕ್ಕಳು ಡಾಂಬರು ರಸ್ತೆಯಲ್ಲಿ ಇಳಿದ ಮೇಲೆ ಮನೆ ಸೇರಲು ಅರ್ಧ ಗಂಟೆ, ಮುಕ್ಕಾಲು ಗಂಟೆ ನಡೆಯುವುದು ಮಲೆನಾಡಿನಲ್ಲಿ ಹೊಸತೇನಲ್ಲ.

ಆದ್ದರಿಂದಲೇ ಇಲ್ಲಿನ ಮನೆಗಳಲ್ಲಿ ಬಾಗಿಲ ಪಕ್ಕದ ಮೊಳೆಗೆ ಛತ್ರಿಯ ಜೊತೆ ಟಾರ್ಚೂ ತೂಗುತ್ತಿರುತ್ತದೆ. ಅದನ್ನು ಯಾರೂ ಟಾರ್ಚ್ ಎನ್ನುವುದಿಲ್ಲ, ಅದು 'ಬ್ಯಾಟ್ರಿ'. ಒಳಗೆ ಹಾಕುವುದು 'ಶೆಲ್ಲು'. ಬೆಳಕು ಹಾಯಿಸುವುದೆಂದರೆ 'ಬ್ಯಾಟ್ರಿ ಬಿಡುವುದು'. ವಿಜ್ಞಾನದ ಪ್ರಕಾರ ಕೋಶಗಳ ಸಾಲಿಗೆ ಬ್ಯಾಟರಿ ಎನ್ನಬೇಕು. ನಮ್ಮ ಹಳ್ಳಿಗರು ಒಳಗಿನ ಸಾಲಿನ ಹೆಸರನ್ನೇ ಇಡೀ ಸಾಮಾನಿಗೆ ಇಟ್ಟಿದ್ದಾರೆ. ಅದರಲ್ಲಿ ತಪ್ಪೇನಿಲ್ಲ. ದೊಂದಿ, ಲಾಟೀನುಗಳ ಕಾಲದಿಂದ ಬಂದವರಿಗೆ, ಗಾಳಿಮಳೆಗೆ ಆರದ ಈ ಬೆಳಕಿನಲ್ಲಿ ಮುಖ್ಯವಾಗಿ ಕಂಡದ್ದು ಅದರ ಹೊಟ್ಟೆಯೊಳಗಿನ ಶಕ್ತಿಯೇ ಇರಬೇಕು.

ಅಂಗಡಿಯ ಲೆಕ್ಕ

ಶಾಲೆಯ ಮಕ್ಕಳೊಂದಿಗೆ ಡಿಸೆಂಬರ್ ಪ್ರವಾಸಕ್ಕೆ ಹೋದಾಗ ಪೇಟೆಯ ಅಂಗಡಿಯೊಂದರಲ್ಲಿ ಶೆಲ್ಲು ಕೊಳ್ಳುತ್ತಿದ್ದೆವು. ಹತ್ತನೇ ತರಗತಿಯ ಹುಡುಗಿಯೊಬ್ಬಳು ಅಂಗಡಿಯ ಹಿರಿಯರನ್ನು ಕೇಳಿದಳು, "ಅಜ್ಜಾ, ಇದು ಎಷ್ಟು ಗಂಟೆ ಬರುತ್ತೆ?"

"ಗಂಟೆ ಲೆಕ್ಕ ಹೇಳಕ್ಕೆ ಬರಲ್ಲ ಮಗಾ," ಎಂದರು ಅವರು. "ಕೊಟ್ಟಿಗೆಗೆ ಹೋಗಿ ಬರೋರಿಗೆ ಎರಡು ತಿಂಗಳೂ ಬರ್ತದೆ. ಹತ್ತುಮೀನಿಗೆ ಹೋಗೋರಿಗೆ ಒಂದು ರಾತ್ರಿ ಬಂದ್ರೆ ದೊಡ್ಡದು."

ಮೊದಲ ಮಳೆಗೆ ಹಳ್ಳಗಳಲ್ಲಿ ಹೊಸ ನೀರು ಬಂದಾಗ ಮೀನುಗಳು ಪ್ರವಾಹಕ್ಕೆ ಎದುರಾಗಿ ಗದ್ದೆಗಳತ್ತ ಹತ್ತಿ ಬರುತ್ತವೆ. ಅವೇ ಹತ್ತುಮೀನು. ಅವನ್ನು ಹಿಡಿಯಲು ಹೊರಟವರು ಇಡೀ ರಾತ್ರಿ ಬ್ಯಾಟ್ರಿ ಆರಿಸುವುದಿಲ್ಲ. ಒಂದೇ ಶೆಲ್ಲು ಒಬ್ಬರಿಗೆ ಎರಡು ತಿಂಗಳು, ಇನ್ನೊಬ್ಬರಿಗೆ ಒಂದು ರಾತ್ರಿ. ಇದು ವ್ಯಾಪಾರಿಯ ಜಾಣ ಉತ್ತರವೆಂದು ಹುಡುಗಿ ನಕ್ಕಳು. ಆದರೆ ಅದು ನಿಜವಾದ ಉತ್ತರ. ಅದು ಯಾಕೆ ನಿಜವೆಂದು ತಿಳಿಯಲು ಶೆಲ್ಲಿನ ಒಳಗೆ ಇಣುಕಬೇಕು.

ಡಬ್ಬಿಯೊಳಗೆ

ಅಂಗಡಿಯಲ್ಲಿ ಸಿಗುವ ಅಗ್ಗದ ದಪ್ಪ ಶೆಲ್ಲು ಸತು-ಇಂಗಾಲದ್ದು. ಹೊರಗಿನ ಸತುವಿನ ಡಬ್ಬಿಯೇ ಋಣಧ್ರುವ. ನಡುವಿನ ಇಂಗಾಲದ ಕಡ್ಡಿ ಧನಧ್ರುವ. ಕಡ್ಡಿಯ ಸುತ್ತ ಮ್ಯಾಂಗನೀಸ್ ಡೈಆಕ್ಸೈಡ್ ಮತ್ತು ಇಂಗಾಲದ ಪುಡಿ ಬೆರೆತ ಕಪ್ಪು ಹಿಟ್ಟು. ಜೊತೆಗೆ ನವಸಾಗರ ಅಥವಾ ಸತುವಿನ ಕ್ಲೋರೈಡಿನ ಒದ್ದೆ ಲೇಪ. ಮ್ಯಾಂಗನೀಸ್ ನಮಗೆ ಅಪರಿಚಿತವಲ್ಲ, ನಮ್ಮ ಸಂಡೂರಿನ ಗಣಿಗಳಲ್ಲಿ ಅದರ ಅದಿರು ಸಿಗುತ್ತದೆ. ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ 1866ರಲ್ಲಿ ಇಂಥ ಕೋಶವನ್ನು ದ್ರಾವಣ ತುಂಬಿದ ಜಾಡಿಯಲ್ಲಿ ಮಾಡಿದ. ಜರ್ಮನಿಯ ಕಾರ್ಲ್ ಗ್ಯಾಸ್ನರ್ 1880ರ ದಶಕದಲ್ಲಿ ದ್ರಾವಣದ ಬದಲು ಲೇಪ ಬಳಸಿ, ಮಗುಚಿದರೂ ಚೆಲ್ಲದ 'ಒಣ ಕೋಶ'ವನ್ನಾಗಿ ಮಾಡಿದ. ಅದು ಬಂದ ಮೇಲೆಯೇ ಕೈಯಲ್ಲಿ ಹಿಡಿದು ನಡೆಯುವ ದೀಪ ಸಾಧ್ಯವಾದದ್ದು.

ಅಂಥ ದೀಪಕ್ಕೆ ಡೇವಿಡ್ ಮಿಸೆಲ್ ಎಂಬಾತ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1899ರಲ್ಲಿ. ಅಮೆರಿಕದವರು ಅದನ್ನು 'ಫ್ಲ್ಯಾಶ್‌ಲೈಟ್' ಎಂದರು, ಅಂದರೆ ಮಿಂಚಿ ಆರುವ ಬೆಳಕು. ಆಗಿನ ಶೆಲ್ಲುಗಳು ದುರ್ಬಲ, ಬಲ್ಬಿನ ಇಂಗಾಲದ ತಂತುವಿಗೆ ಹಸಿವು ಹೆಚ್ಚು. ನಿರಂತರ ಉರಿಸಿದರೆ ಬೆಳಕು ಬೇಗ ಕುಂದುತ್ತಿತ್ತು. ಒತ್ತಿ, ನೋಡಿ, ಬಿಡುವುದೇ ಅದರ ಬಳಕೆಯ ಕ್ರಮವಾಗಿತ್ತು. ಹೆಸರಿನಲ್ಲೇ ಶೆಲ್ಲಿನ ಮಿತಿ ದಾಖಲಾಗಿದೆ.

ಈಗ ಲೆಕ್ಕಕ್ಕೆ ಬರೋಣ. ದಪ್ಪ ಸತು-ಇಂಗಾಲದ ಶೆಲ್ಲಿನ ಧಾರಣೆ ಸುಮಾರು 6 ಆಂಪಿಯರ್-ಗಂಟೆ ಎಂದಿಟ್ಟುಕೊಳ್ಳಿ. ಎರಡು ಶೆಲ್ಲಿನ ಹಳೆಯ ಟಾರ್ಚಿನ ಬಲ್ಬು ಎಳೆಯುವುದು ಸುಮಾರು 0.5 ಆಂಪಿಯರ್. ಶೆಲ್ಲುಗಳು ಸಾಲಾಗಿ ಕುಳಿತಿರುವುದರಿಂದ ಎರಡರಲ್ಲೂ ಹರಿಯುವುದು ಅದೇ ಪ್ರವಾಹ. ಆರನ್ನು ಅರೆಯಿಂದ ಭಾಗಿಸಿದರೆ 12 ಗಂಟೆ. ಪರೀಕ್ಷೆಯಲ್ಲಿ ಇದಕ್ಕೆ ಪೂರ್ತಿ ಅಂಕ ಸಿಗಬಹುದು. ಆದರೆ ರಾತ್ರಿಯಿಡೀ ಆರಿಸದೆ ಬಿಟ್ಟವನಿಗೆ ಅದರ ಅರ್ಧದಷ್ಟು ಸಿಕ್ಕರೆ ಹೆಚ್ಚು.

ಕಾರಣವಿದೆ. ಆ 6 ಆಂಪಿಯರ್-ಗಂಟೆ ಎಂಬುದು ಶೆಲ್ಲಿನಿಂದ ನಿಧಾನವಾಗಿ, ಕಡಿಮೆ ಪ್ರವಾಹ ಎಳೆದಾಗ ಸಿಗುವ ಮೊತ್ತ. ಜೋರಾಗಿ ಎಳೆದರೆ ಕಪ್ಪು ಹಿಟ್ಟಿನೊಳಗಿನ ಅಯಾನುಗಳು ಅಷ್ಟೇ ವೇಗವಾಗಿ ಬಂದು ಸೇರಲಾರವು. ಕ್ರಿಯೆ ನಡೆಯುವ ಜಾಗದಲ್ಲಿ ಕೊರತೆ ಬೀಳುತ್ತದೆ, ಒಳರೋಧ ಏರುತ್ತದೆ, ವೋಲ್ಟೇಜ್ ಇಳಿಯುತ್ತದೆ. ಸ್ವಲ್ಪ ಹೊತ್ತು ಆರಿಸಿಟ್ಟರೆ ಅಯಾನುಗಳು ಹರಡಿಕೊಂಡು ಶೆಲ್ಲು ಭಾಗಶಃ ಚೇತರಿಸಿಕೊಳ್ಳುತ್ತದೆ. ಬಾವಿಯಲ್ಲಿ ಪಂಪು ಹಚ್ಚಿ ಒಂದೇ ಸಮ ನೀರೆತ್ತಿದರೆ ಬೇಗ ತಳ ಕಾಣುತ್ತದೆ. ಬಿಟ್ಟು ಬಿಟ್ಟು ಎತ್ತಿದರೆ ಒರತೆ ತುಂಬಿಕೊಡುತ್ತದೆ. ಹಾಗೆಯೇ ಇದು. ಕೊಟ್ಟಿಗೆಗೆ ಹೋಗಿ ಬರುವವರಿಗೆ ಎರಡು ತಿಂಗಳು ಬರುವುದು ಅವರು ಕಡಿಮೆ ಬಳಸುವುದರಿಂದ ಮಾತ್ರವಲ್ಲ, ಬಳಕೆಯ ನಡುವೆ ಶೆಲ್ಲಿಗೆ ಬಿಡುವು ಸಿಗುವುದರಿಂದ ಕೂಡ. ತಯಾರಕರೂ ಟಾರ್ಚಿನ ಶೆಲ್ಲನ್ನು ಪರೀಕ್ಷಿಸುವಾಗ ಗಂಟೆಗೆ ನಾಲ್ಕು ನಿಮಿಷದಂತೆ ದಿನಕ್ಕೆ ಎಂಟು ಗಂಟೆ ಕಾಲ ಉರಿಸಿ ನೋಡುವ ಕ್ರಮವಿದೆ. ಮಲೆನಾಡಿನ ಅಜ್ಜಂದಿರು ತಿರುವಿನಲ್ಲಿ, ಸಂಕದ ಹತ್ತಿರ, ಕಲ್ಲು ಮೆಟ್ಟಿಲಲ್ಲಿ ಮಾತ್ರ ಬ್ಯಾಟ್ರಿ ಬಿಟ್ಟು ಉಳಿದ ದಾರಿಯನ್ನು ಅಂದಾಜಿನ ಮೇಲೆ ನಡೆಯುತ್ತಿದ್ದುದು ಇದೇ ಲೆಕ್ಕದಲ್ಲಿ.

ಹಂಚಿನ ಮಾಡಿನ ಮೇಲೆ ಹಳೆಯ ಶೆಲ್ಲುಗಳನ್ನು ಬಿಸಿಲಿಗಿಟ್ಟ ನೆನಪು ಅನೇಕ ತಂದೆತಾಯಿಯರಿಗೆ ಇದ್ದೀತು. ಬಿಸಿಗೆ ಅಯಾನುಗಳ ಚಲನೆ ಚುರುಕಾಗಿ ಕೆಲವು ನಿಮಿಷಗಳ ಬೆಳಕು ಮರಳುವುದು ನಿಜ. ಆದರೆ ಬಿಸಿಲು ಹೊಸ ಸತುವನ್ನು ಹುಟ್ಟಿಸಲಾರದು. ಬೆಂಕಿಯ ಬಳಿಯಂತೂ ಯಾವ ಶೆಲ್ಲನ್ನೂ ಒಯ್ಯಕೂಡದು, ಸಿಡಿಯುವ ಅಪಾಯವಿದೆ.

'ಮುಗಿಯಿತು' ಎಂದರೆ ಯಾವಾಗ?

ಎಷ್ಟು ಹೊತ್ತು ಬರುತ್ತದೆ ಎಂದು ಕೇಳುವ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದು. ಹೊಸ ಶೆಲ್ಲು 1.5 ವೋಲ್ಟ್, ಎರಡಕ್ಕೆ 3 ವೋಲ್ಟ್. ಬಳಸುತ್ತ ಹೋದಂತೆ ಅದು 2.4 ವೋಲ್ಟಿಗೆ ಇಳಿದರೆ ಐದನೇ ಒಂದು ಭಾಗ ಮಾತ್ರ ಕಡಿಮೆಯಾಯಿತಲ್ಲ ಎನಿಸುತ್ತದೆ. ಆದರೆ ತಂತುವಿನ ಬಲ್ಬಿನಲ್ಲಿ ವೋಲ್ಟೇಜ್ ಇಳಿದದ್ದಕ್ಕಿಂತ ಬಹಳ ಹೆಚ್ಚಾಗಿ ಬೆಳಕು ಇಳಿಯುತ್ತದೆ. ಐದನೇ ಒಂದು ಭಾಗ ವೋಲ್ಟೇಜ್ ಹೋದರೆ ಅರ್ಧಕ್ಕಿಂತ ಹೆಚ್ಚು ಬೆಳಕು ಹೋಗಿರುತ್ತದೆ. ಬಿಳಿ ಬೆಳಕು ಹಳದಿಯಾಗಿ, ಹಳದಿ ಕೆಂಪಾಗಿ, ಕೊನೆಗೆ ತಂತು ಮಾತ್ರ ಕೆಂಡದಂತೆ ಕಾಣುತ್ತದೆ. ಆಗಲೂ ಟಾರ್ಚ್ 'ಉರಿಯುತ್ತಿದೆ'. ಆದರೆ ದಾರಿ ಕಾಣುತ್ತಿಲ್ಲ.

ಅಮೆರಿಕದಲ್ಲಿ 2009ರಲ್ಲಿ ರೂಪಿಸಿದ, ಈಗ ಹಲವು ದೇಶಗಳ ತಯಾರಕರು ಬಳಸುವ 'ಎಫ್ಎಲ್1' ಎಂಬ ಮಾನದಂಡವಿದೆ. ಅದರ ಪ್ರಕಾರ ಟಾರ್ಚ್ ಹಚ್ಚಿದ 30 ಸೆಕೆಂಡಿಗೆ ಇದ್ದ ಬೆಳಕು ಶೇ. 10ಕ್ಕೆ ಇಳಿಯುವವರೆಗಿನ ಸಮಯವೇ ಅದರ ಬಾಳಿಕೆ. ಡಬ್ಬಿಯ ಮೇಲೆ ಈ ಮಾನದಂಡದಂತೆ 40 ಗಂಟೆ ಎಂದಿದ್ದರೆ, ನಲವತ್ತನೆಯ ಗಂಟೆಯಲ್ಲಿ ಉಳಿದಿರುವುದು ಹತ್ತರಲ್ಲಿ ಒಂದು ಪಾಲು ಬೆಳಕು. ಅದೇ ಮಾನದಂಡ ಬೆಳಕು ತಲಪುವ ದೂರವನ್ನು ಹೇಳುವಾಗ ಲೆಕ್ಕ ಹಿಡಿಯುವುದು ಕಾಲು ಲಕ್ಸ್ ಬೆಳಕನ್ನು, ಅಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಷ್ಟನ್ನು. ಸಂಖ್ಯೆಗಳು ಸುಳ್ಳಲ್ಲ, ಅವು ಯಾವುದನ್ನು ಅಳೆದಿವೆ ಎಂದು ಗೊತ್ತಿರಬೇಕು ಅಷ್ಟೆ.

ಎಲ್ಇಡಿ ತಂದ ಅನುಕೂಲ, ಅನನುಕೂಲ

1990ರ ದಶಕದಲ್ಲಿ ಜಪಾನಿನ ಶುಜಿ ನಕಾಮುರ ಪ್ರಕಾಶಮಾನವಾದ ನೀಲಿ ಎಲ್ಇಡಿ ತಯಾರಿಸಿದ ಮೇಲೆ ಬಿಳಿ ಎಲ್ಇಡಿ ಬಂತು. ನೀಲಿ ಎಲ್ಇಡಿಗಾಗಿ ಆತ ಹಾಗೂ ಇಸಾಮು ಅಕಸಾಕಿ, ಹಿರೋಷಿ ಅಮಾನೊ 2014ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ತಂತುವಿನ ಬಲ್ಬು ಒಂದು ವ್ಯಾಟ್‌ಗೆ ಸುಮಾರು 10 ಲ್ಯೂಮೆನ್ ಬೆಳಕು ಕೊಟ್ಟರೆ ಒಳ್ಳೆಯ ಎಲ್ಇಡಿ ನೂರರ ಹತ್ತಿರ ಕೊಡುತ್ತದೆ. ಅಂದರೆ ಹಳೆಯ ಟಾರ್ಚಿನಷ್ಟೇ ಬೆಳಕಿಗೆ ಹತ್ತನೇ ಒಂದು ಭಾಗ ವಿದ್ಯುತ್ ಸಾಕು. ಅದೇ ಶೆಲ್ಲು ಹತ್ತು ಪಟ್ಟು ಬಾಳಬೇಕು.

ಆದರೆ ನಾವು ಅಷ್ಟೇ ಬೆಳಕಿಗೆ ತೃಪ್ತರಾಗಲಿಲ್ಲ. ಈಗಿನ ಒಂದು ಚಾರ್ಜ್ ಟಾರ್ಚನ್ನೇ ನೋಡಿ. ಅದರೊಳಗಿನ ಲಿಥಿಯಂ ಕೋಶ 3.7 ವೋಲ್ಟ್, 2.5 ಆಂಪಿಯರ್-ಗಂಟೆಯದಾದರೆ ಒಟ್ಟು ಶಕ್ತಿ ಸುಮಾರು 9 ವ್ಯಾಟ್-ಗಂಟೆ. 3 ವ್ಯಾಟಿನ 'ಹೈ' ಗುಂಡಿ ಒತ್ತಿದರೆ ಮೂರು ಗಂಟೆ, 0.3 ವ್ಯಾಟಿನ 'ಲೋ' ಗುಂಡಿಯಲ್ಲಿ ಮೂವತ್ತು ಗಂಟೆ. ಕಾಲಿನ ಮುಂದಿನ ನಾಲ್ಕು ಹೆಜ್ಜೆ ನೋಡಲು 'ಲೋ' ಧಾರಾಳ. ಮಕ್ಕಳು ಒತ್ತುವುದು ಮಾತ್ರ 'ಹೈ' ಗುಂಡಿಯನ್ನು, ಅದೂ ಮರದ ತುದಿಗೆ!

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. ಹಳೆಯ ಟಾರ್ಚ್ ಹಳದಿಯಾಗಿ ಮುನ್ಸೂಚನೆ ಕೊಡುತ್ತಿತ್ತು. ಅರ್ಧ ದಾರಿಯಲ್ಲಿ ವಾಪಸಾಗಲು ಸಮಯವಿರುತ್ತಿತ್ತು. ಲಿಥಿಯಂ ಕೋಶದ ವೋಲ್ಟೇಜ್ ತೀರಾ ಇಳಿದರೆ ಕೋಶ ಕೆಡುತ್ತದೆಂದು ಅದರ ರಕ್ಷಣಾ ಮಂಡಲ ಸಂಪರ್ಕವನ್ನೇ ಕಡಿಯುತ್ತದೆ. ಅನೇಕ ಟಾರ್ಚುಗಳಲ್ಲಿ ಕೊನೆಯ ಹೊತ್ತಿನವರೆಗೂ ಬೆಳಕು ಬಿಳಿಯಾಗಿಯೇ ಇದ್ದು ಒಮ್ಮೆಲೇ ಕತ್ತಲಾಗುತ್ತದೆ. ಮೊಬೈಲಿನ ಬೆಳಕನ್ನು ನಂಬುವವರು ಇದನ್ನು ಎರಡು ಬಾರಿ ಯೋಚಿಸಬೇಕು. ಸಿಗ್ನಲ್ ಸಿಗದ ಕಣಿವೆಯಲ್ಲಿ ಮೊಬೈಲು ಗೋಪುರ ಹುಡುಕುತ್ತಲೇ ಚಾರ್ಜು ಕಳೆದುಕೊಳ್ಳುತ್ತದೆ. ಅದು ಆರಿದರೆ ಬೆಳಕೂ ಇಲ್ಲ, ಕರೆ ಮಾಡುವ ದಾರಿಯೂ ಇಲ್ಲ.

ಕಾಲ ಬುಡದ ಬೆಳಕು

ಇಷ್ಟೆಲ್ಲ ಲೆಕ್ಕ ಯಾಕೆ ಎಂದರೆ, ಆಗುಂಬೆ ಕಾಳಿಂಗ ಸರ್ಪದ ನಾಡು. ರೊಮುಲಸ್ ವಿಟೇಕರ್ 2005ರಲ್ಲಿ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಸ್ಥಾಪಿಸಿದರು. ಕಾಳಿಂಗನ ಅಧ್ಯಯನ ಅಲ್ಲಿನ ಮುಖ್ಯ ಕೆಲಸಗಳಲ್ಲೊಂದು. ಆದರೆ ಕಾಳಿಂಗ ಸಾಮಾನ್ಯವಾಗಿ ಹಗಲಿನಲ್ಲಿ ಓಡಾಡುವ, ಮನುಷ್ಯರಿಂದ ದೂರ ಸರಿಯುವ ಹಾವು. ರಾತ್ರಿ ಕಾಲುದಾರಿಯಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಮಂಡಲದ ಹಾವುಗಳ ಜಾತಿಯವಕ್ಕೆ. ಒಣಗಿದೆಲೆಯ ಬಣ್ಣದ ಇವು ದರಗಿನ ನಡುವೆ ಅಲ್ಲಾಡದೆ ಮಲಗಿರುತ್ತವೆ, ಹೆಜ್ಜೆ ಸಪ್ಪಳಕ್ಕೆ ಸರಿದುಹೋಗುವುದಿಲ್ಲ. ನಮ್ಮ ದೇಶದಲ್ಲಿ ತಯಾರಾಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ. ಪಶ್ಚಿಮಘಟ್ಟದಲ್ಲಿರುವ ಉಬ್ಬುಮೂಗಿನ ಗುಳಿಮಂಡಲಕ್ಕೆ ಅದು ಕೆಲಸ ಮಾಡುವುದಿಲ್ಲ. ಆದ್ದರಿಂದ ತುಳಿಯದಿರುವುದೇ ಮೊದಲ ಚಿಕಿತ್ಸೆ.

2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಆ ಸಾವುಗಳಲ್ಲಿ ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದವು. 2024ರಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಈ ಅಪಾಯದ ಎದುರು ತಜ್ಞರು ಹೇಳುವ ಸಲಹೆಗಳಲ್ಲಿ ಎರಡು ಅತಿ ಸರಳ: ಕಾಲಿಗೆ ಬೂಟು, ಕೈಯಲ್ಲಿ ಬೆಳಕು. ಒಂದು ವೇಳೆ ಕಡಿದರೂ ಕಟ್ಟುವುದು, ಕೊಯ್ಯುವುದು ಬೇಡ. ಕಡಿದ ಭಾಗವನ್ನು ಅಲ್ಲಾಡಿಸದೆ ಬೇಗ ಆಸ್ಪತ್ರೆ ಸೇರಬೇಕು. ಸಂಜೆಯ ಬಸ್ಸಿಳಿದು ನಡೆಯುವ ಮಗುವಿನ ಚೀಲದಲ್ಲಿನ ಶೆಲ್ಲುಗಳಲ್ಲಿ ಎಷ್ಟು ಉಳಿದಿದೆ ಎಂಬುದು ಆಗ ಬರಿಯ ಪಠ್ಯದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಮನೆಯಲ್ಲೇ ಅಳೆಯಿರಿ

ವಿದ್ಯಾರ್ಥಿಗಳು ಇದನ್ನು ಒಂದು ರಜೆಯಲ್ಲಿ ಮಾಡಬಹುದು. ಟಾರ್ಚಿಗೆ ಹೊಸ ಶೆಲ್ಲು ಹಾಕಿ ಅಥವಾ ಪೂರ್ತಿ ಚಾರ್ಜು ಮಾಡಿ. ಕತ್ತಲಾದ ಮೇಲೆ ಉದ್ದನೆಯ ಜಗಲಿಯಲ್ಲೋ ಅಂಗಳದಲ್ಲೋ ಅದನ್ನು ಮೇಜಿನ ಮೇಲಿಟ್ಟು ಹಚ್ಚಿ. ದಿನಪತ್ರಿಕೆಯ ಸಣ್ಣ ಅಕ್ಷರಗಳನ್ನು ಆ ಬೆಳಕಿನಲ್ಲಿ ಓದುತ್ತ ಹಿಂದೆ ಸರಿಯಿರಿ. ಓದಲಾಗದ ಜಾಗದಲ್ಲಿ ಸೀಮೆಸುಣ್ಣದ ಗೆರೆ ಎಳೆದು ದೂರ ಅಳೆದು ಬರೆಯಿರಿ. ಅರ್ಧ ಗಂಟೆಗೊಮ್ಮೆ ಹೀಗೆಯೇ ಮಾಡಿ ನಕ್ಷೆ ಬಿಡಿಸಿ. ವಿಲೋಮ ವರ್ಗ ನಿಯಮವನ್ನು ಇಲ್ಲಿ ನೆನಪಿಸಿಕೊಳ್ಳಿ. ದೂರ ಅರ್ಧಕ್ಕೆ ಇಳಿದರೆ ಬೆಳಕು ಕಾಲು ಭಾಗಕ್ಕೆ ಇಳಿದಿದೆ. ದೂರ ಮೂರನೇ ಒಂದಕ್ಕೆ ಇಳಿದರೆ ಬೆಳಕು ಹೆಚ್ಚುಕಡಿಮೆ ಹತ್ತನೇ ಒಂದು ಭಾಗ. ಡಬ್ಬಿಯ ಮೇಲಿನ 'ಬಾಳಿಕೆ' ಮುಗಿಯುವುದು ಅಲ್ಲಿಗೆ. ಬೇರೊಂದು ವಾರ ಇನ್ನೊಂದು ಜೊತೆ ಶೆಲ್ಲು ಹಾಕಿ, ಐದು ನಿಮಿಷ ಹಚ್ಚಿ ಹತ್ತು ನಿಮಿಷ ಆರಿಸುತ್ತ ಹೋಗಿ, ಉರಿದ ನಿಮಿಷಗಳನ್ನಷ್ಟೇ ಕೂಡಿಸಿ. ಬಿಡುವಿನ ಬೆಲೆ ನಿಮ್ಮ ನಕ್ಷೆಯಲ್ಲೇ ಕಾಣುತ್ತದೆ.

ಪೋಷಕರಿಗೆ ಕೆಲವು ಮಾತು. ಹಳೆಯ ಶೆಲ್ಲಿನ ಜೊತೆ ಹೊಸದನ್ನು ಬೆರೆಸಬೇಡಿ. ಬಲಹೀನವಾದದ್ದು ಬಲವಾದದ್ದನ್ನೂ ಎಳೆಯುತ್ತದೆ. ಆಲ್ಕಲೈನ್ ಶೆಲ್ಲಿಗೆ ಬೆಲೆ ಹೆಚ್ಚು, ಆದರೆ ಜೋರು ಬಳಕೆಯಲ್ಲಿ ಎರಡು-ಮೂರು ಪಟ್ಟು ಬಾಳುತ್ತದೆ; ಪ್ರವಾಸಕ್ಕೆ ಅದೇ ಲೇಸು. ತಿಂಗಳುಗಟ್ಟಲೆ ಬಳಸದಿದ್ದರೆ ಶೆಲ್ಲುಗಳನ್ನು ಹೊರತೆಗೆದಿಡಿ. ಸತುವಿನ ಡಬ್ಬಿಯೇ ಕರಗುತ್ತ ಹೋಗುವುದರಿಂದ ಕೊನೆಗೆ ಅದು ತೂತಾಗಿ ಸೋರಿ ಟಾರ್ಚನ್ನು ತಿನ್ನುತ್ತದೆ. ಮಲೆನಾಡಿನ ತೇವದಲ್ಲಿ ಸ್ಪ್ರಿಂಗಿಗೆ ತುಕ್ಕು ಹಿಡಿದು ಒಳ್ಳೆಯ ಶೆಲ್ಲೂ ಸತ್ತಂತೆ ಕಾಣುವುದುಂಟು. ಉಪ್ಪುಕಾಗದದಲ್ಲಿ ಉಜ್ಜಿ ನೋಡಿ. ಚಾರ್ಜ್ ಟಾರ್ಚನ್ನು ಪೂರ್ತಿ ಬರಿದಾಗಿಸಿ ಮೂಲೆಗಿಡಬೇಡಿ, ಎರಡು ತಿಂಗಳಿಗೊಮ್ಮೆಯಾದರೂ ಚಾರ್ಜು ಮಾಡಿ.

ಹೋಗುವವರಿಗೆ

ತೀರ್ಥಹಳ್ಳಿಯಿಂದ ಆಗುಂಬೆಗೆ ಮೂವತ್ತಕ್ಕೆ ತುಸು ಹೆಚ್ಚು ಕಿಲೋಮೀಟರ್. ಉಡುಪಿಯ ಕಡೆಯಿಂದ ಘಾಟಿ ಹತ್ತಿಯೂ ಬರಬಹುದು. ಸೂರ್ಯಾಸ್ತ ಬೇಕಿದ್ದರೆ ಚಳಿಗಾಲ, ಮಳೆ ಬೇಕಿದ್ದರೆ ಜುಲೈ. ಅರಣ್ಯದೊಳಗೆ ಕಾಲಿಡಲು ಇಲಾಖೆಯ ಅನುಮತಿ ಅಗತ್ಯ. ರಾತ್ರಿಯ ನಡಿಗೆ ಊರಿನವರ ಜೊತೆ, ಊರಿನ ದಾರಿಯಲ್ಲಿ ಮಾತ್ರ ಇರಲಿ. ಒಂದು ರಾತ್ರಿ ಉಳಿದರೆ ಊಟವಾದ ಮೇಲೆ ಅಂಗಳಕ್ಕೆ ಬಂದು ಎಲ್ಲ ದೀಪ ಆರಿಸಿ ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಕಪ್ಪೆಗಳ, ಜೀರುಂಡೆಗಳ ಸದ್ದು ಬೆಳಕು ಆರಿದ ಮೇಲೆ ಹೆಚ್ಚಾದಂತೆ ಕೇಳುತ್ತದೆ. ಪಶ್ಚಿಮಘಟ್ಟದ ಮಳೆಗಾಡುಗಳಲ್ಲಿ ಮಳೆಗಾಲದ ಕೆಲವು ರಾತ್ರಿ ಕೊಳೆತ ಮರದ ಮೇಲೆ ಶಿಲೀಂಧ್ರಗಳು ಮಸುಕು ಹಸಿರಾಗಿ ಹೊಳೆಯುವುದುಂಟು. ಅದೂ ರಾಸಾಯನಿಕ ಕ್ರಿಯೆಯ ಬೆಳಕೇ, ಆದರೆ ಶೆಲ್ಲಿಲ್ಲದ್ದು. ಟಾರ್ಚ್ ಆರಿಸಿದವರಿಗೆ ಮಾತ್ರ ಕಾಣುವಂಥದು.

ಹೊರಡುವ ಮುನ್ನ ಒಂದು ಕೆಲಸ ಮಾಡಿ. ನೀವು ಅಳೆದ ಗಂಟೆಗಳನ್ನೂ ಶೆಲ್ಲು ಹಾಕಿದ ತಾರೀಖನ್ನೂ ಚೀಟಿಯಲ್ಲಿ ಬರೆದು ಟಾರ್ಚಿನ ಮೈಗೆ ಅಂಟಿಸಿ. ಅಳೆದದ್ದರಲ್ಲಿ ಅರ್ಧ ಹೊತ್ತು ಉರಿದಾಗಲೇ ಹೊಸ ಶೆಲ್ಲು ಹಾಕುವುದೆಂದು ಮನೆಯಲ್ಲಿ ನಿಯಮ ಮಾಡಿಕೊಳ್ಳಿ. ಉಳಿದ ಅರ್ಧ ವ್ಯರ್ಥವಲ್ಲ. ಆ ಶೆಲ್ಲುಗಳು ಗೋಡೆ ಗಡಿಯಾರವನ್ನೋ ರೇಡಿಯೋವನ್ನೋ ಇನ್ನೂ ಬಹಳ ದಿನ ನಡೆಸುತ್ತವೆ.